ಕಡತ ಕಾಣೆಯಾದಾಗ ಯಂತ್ರವು ಮೌನವಾಗಿರಬಾರದು

ಲೆಕ್ಕದ ಪುಸ್ತಕವನ್ನು ಕೈಯಿಂದ ಬರೆಯುವ ಕಾಲವು ಹೆಚ್ಚಿನ ಕಚೇರಿಗಳಲ್ಲಿ ಮುಗಿದುಹೋಗಿದೆ. ಕಿರ್ದಿ, ಖಾತೆ, ಅಢಾವೆ ಎಂಬ ಹೆಸರುಗಳು ಉಳಿದಿವೆ. ಆದರೆ ಅವುಗಳನ್ನು ಹೊತ್ತಿರುವುದು ಕೆಂಪು ರಟ್ಟಿನ ಪುಸ್ತಕವಲ್ಲ, ಕಂಪ್ಯೂಟರಿನ ತೆರೆಯ ಮೇಲೆ ಹರಡಿರುವ ಚೌಕಗಳ ಹಾಳೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ಕಚೇರಿ ಕೆಲಸದಿಂದಲೂ ಹೋಟೆಲು ವ್ಯಾಪಾರದಿಂದಲೂ ಜೀವನ ಸಾಗಿಸುತ್ತಿರುವ ನಮ್ಮ ವಾಚಕರಲ್ಲಿ ಈ ಹಾಳೆಯನ್ನು ಅರಿಯದವರು ವಿರಳ. ಅದರೊಳಗೆ ಕುಳಿತು ನಾಲ್ಕು ಗಂಟೆಯ ಕೆಲಸವನ್ನು ನಾಲ್ಕು ನಿಮಿಷಕ್ಕೆ ಮುಗಿಸುವ ‘ಮ್ಯಾಕ್ರೊ’ ಎಂಬ ಸೇವಕನ ಗುಣದೋಷಗಳನ್ನು ವಿಚಾರಿಸುವವರು ಮಾತ್ರ ಕಡಮೆ. ಆದಕಾರಣ ಆ ಸೇವಕನ ಒಂದು ದೊಡ್ಡ ದೌರ್ಬಲ್ಯವನ್ನು, ಎಂದರೆ ತಾನು ತರಬೇಕಾಗಿದ್ದ ಕಡತವು ಸ್ಥಳದಲ್ಲಿ ಇಲ್ಲದಾಗ ಅವನು ನಡೆದುಕೊಳ್ಳುವ ರೀತಿಯನ್ನು, ಇಲ್ಲಿ ವಿವೇಚಿಸಬಯಸುತ್ತೇವೆ.

ಈ ಹಾಳೆಗಳ ಪೂರ್ವೋತ್ತರವು ದೀರ್ಘವಾದುದಲ್ಲ. 1979ರಲ್ಲಿ ಅಮೆರಿಕದ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರ ‘ವಿಸಿಕ್ಯಾಲ್ಕ್’ ಮಾರುಕಟ್ಟೆಗೆ ಬಂತು. 1983ರಲ್ಲಿ ‘ಲೋಟಸ್ 1-2-3’, 1985ರಲ್ಲಿ ಮೆಕಿಂತೋಷ್ ಯಂತ್ರಕ್ಕಾಗಿ ‘ಎಕ್ಸೆಲ್’ ಬಂದವು. 1993ರಲ್ಲಿ ಎಕ್ಸೆಲ್ಲಿನೊಳಗೆ ‘ವಿಷುವಲ್ ಬೇಸಿಕ್ ಫಾರ್ ಅಪ್ಲಿಕೇಷನ್ಸ್’ ಎಂಬ ಆಜ್ಞಾಭಾಷೆಯನ್ನು ಸೇರಿಸಲಾಯಿತು. ಅದನ್ನೇ ಚಿಕ್ಕದಾಗಿ ‘ವಿಬಿಎ’ ಎನ್ನುತ್ತಾರೆ. ಇಂದಿಗೂ ಅಸಂಖ್ಯ ಕಚೇರಿಗಳಲ್ಲಿ ತಿಂಗಳ ಕೊನೆಯ ಲೆಕ್ಕವು ಮುಗಿಯುವುದು ಈ ಭಾಷೆಯಲ್ಲಿ ಯಾರೋ ಎಂದೋ ಬರೆದಿಟ್ಟ ಹತ್ತಿಪ್ಪತ್ತು ಸಾಲುಗಳ ಬಲದಿಂದ. ಬರೆದ ಹುಡುಗನು ಬೇರೆ ನೌಕರಿ ಹಿಡಿದು ಹೋಗಿರುತ್ತಾನೆ. ಅವನ ಸಾಲುಗಳು ಮಾತ್ರ ಪ್ರತಿ ತಿಂಗಳೂ ದುಡಿಯುತ್ತಿರುತ್ತವೆ.

ಹೋಟೆಲಿಗೆ ಹೊಸದಾಗಿ ಸೇರಿದ ಹುಡುಗನನ್ನು ಐದು ಅಂಗಡಿಗಳಿಗೆ ಕಳುಹಿಸಿ, ಚೀಟಿಗಳನ್ನು ತರಲು ಹೇಳುತ್ತೇವೆನ್ನಿ. ಒಂದು ಅಂಗಡಿ ಮುಚ್ಚಿದ್ದರೆ ಅವನು ಮರಳಿ ಬಂದು, “ಧಣಿಗಳೇ, ಆ ಅಂಗಡಿ ಬಾಗಿಲು ಹಾಕಿತ್ತು” ಎನ್ನುತ್ತಾನೆ. ಅಷ್ಟು ಹೇಳಬೇಕೆಂದು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಮ್ಯಾಕ್ರೊವಿಗೆ ಕಲಿಸಬೇಕು. ಕಲಿಸದಿದ್ದರೆ ಅದು ಎರಡು ರೀತಿಯಲ್ಲಿ ಅನರ್ಥಕ್ಕೆ ಎಡೆಮಾಡುತ್ತದೆ: ಒಂದೋ ನಡುದಾರಿಯಲ್ಲಿ ಕುಸಿದು ಕುಳಿತುಕೊಳ್ಳುತ್ತದೆ, ಇಲ್ಲವೇ ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಸಾಗುತ್ತದೆ. ಇವೆರಡರಲ್ಲಿ ಮೊದಲನೆಯದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುತ್ತೇವೆ.

ಎರಡು ಸಲ ಬಂದ ಅಂಧೇರಿ

ಮುಂಬಯಿಯ ಹೋಟೆಲು ಉದ್ಯಮಿಯೊಬ್ಬರಿಗೆ ದಾದರ, ಮಾಟುಂಗಾ, ಅಂಧೇರಿ, ಮುಲುಂಡ, ಠಾಣೆಗಳಲ್ಲಿ ಐದು ಶಾಖೆಗಳಿವೆ ಎಂದು ಊಹಿಸೋಣ. ಪ್ರತಿ ರಾತ್ರಿ ಪ್ರತಿಯೊಂದು ಶಾಖೆಯ ಗಲ್ಲೆಯ ಲೆಕ್ಕವು ಒಂದೊಂದು ಫೈಲಾಗಿ ಮುಖ್ಯ ಕಚೇರಿಯ ಕಂಪ್ಯೂಟರಿಗೆ ಬರುತ್ತದೆ. ಬೆಳಗ್ಗೆ ಲೆಕ್ಕಿಗನು ಒಂದು ಗುಂಡಿಯನ್ನು ಒತ್ತಿದರೆ ಮ್ಯಾಕ್ರೊವು ಒಂದೊಂದೇ ಫೈಲನ್ನು ತೆರೆದು, ಮೊತ್ತವನ್ನು ಓದಿ, ದೊಡ್ಡ ಹಾಳೆಯಲ್ಲಿ ಬರೆದು, ಫೈಲನ್ನು ಮುಚ್ಚುತ್ತದೆ. ಒಂದು ದಿನ ಮುಲುಂಡದ ಫೈಲು ಬಂದಿಲ್ಲ.

ಮ್ಯಾಕ್ರೊವಿನಲ್ಲಿ ಯಾವ ಎಚ್ಚರಿಕೆಯನ್ನೂ ಬರೆದಿರದಿದ್ದರೆ, ‘ವರ್ಕ್‌ಬುಕ್ಸ್ ಓಪನ್’ ಎಂಬ ಆಜ್ಞೆಯ ಬಳಿ ಅದು ನಿಂತು, 1004 ಎಂಬ ಸಂಖ್ಯೆಯ ದೋಷವನ್ನು ತೋರಿಸುತ್ತದೆ. ಮೂರು ಶಾಖೆಗಳ ಲೆಕ್ಕ ಬಂದಿದೆ, ಎರಡರದು ಬಂದಿಲ್ಲ. ಗಾಬರಿಗೊಂಡ ಲೆಕ್ಕಿಗನು ‘ಎಂಡ್’ ಎಂಬ ಗುಂಡಿಯನ್ನು ಒತ್ತಿ, ಮುಲುಂಡಕ್ಕೆ ಫೋನು ಮಾಡಿ ಫೈಲು ತರಿಸಿಕೊಂಡು, ಮತ್ತೊಮ್ಮೆ ಮೊದಲಿನಿಂದ ಓಡಿಸುತ್ತಾನೆ. ಹಾಳೆಯ ಕೊನೆಗೆ ಸಾಲುಗಳನ್ನು ಸೇರಿಸುತ್ತ ಹೋಗುವ ಮ್ಯಾಕ್ರೊವಾಗಿದ್ದರೆ ದಾದರ, ಮಾಟುಂಗಾ, ಅಂಧೇರಿಗಳ ಮೊತ್ತವು ಎರಡೆರಡು ಸಲ ಸೇರಿಕೊಳ್ಳುತ್ತದೆ. ಇದು ತಪ್ಪೇ ಸರಿ. ಆದರೆ ಏನೋ ಕೆಟ್ಟಿದೆಯೆಂಬುದಾದರೂ ಆತನಿಗೆ ಗೊತ್ತಿದೆ.

ಈ ಕಿರುಕುಳವನ್ನು ತಪ್ಪಿಸಲೆಂದು ಅರೆಬರೆ ಬಲ್ಲವರು ಒಂದು ಮದ್ದನ್ನು ಕೊಡುತ್ತಾರೆ. ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಎಂಬುದೇ ಆ ಮದ್ದು. ದೋಷವು ಬಂದರೂ ಲೆಕ್ಕಿಸದೆ ಮುಂದಿನ ಸಾಲಿಗೆ ಹೋಗು ಎಂದು ಅದರ ಅರ್ಥ. ಅದನ್ನು ಮೇಲ್ಗಡೆ ಬರೆದುಬಿಟ್ಟರೆ ದೋಷದ ಪೆಟ್ಟಿಗೆ ಮತ್ತೆ ಕಾಣಿಸಿಕೊಳ್ಳುವುದೇ ಇಲ್ಲ. ಲೆಕ್ಕಿಗನಿಗೆ ಪರಮಾನಂದ. ಆದರೆ ಒಳಗೆ ನಡೆಯುವುದೇನು? ಮುಲುಂಡದ ಫೈಲು ತೆರೆಯಲಿಲ್ಲ, ದೋಷವನ್ನು ನುಂಗಿದ್ದಾಯಿತು. ಮೊತ್ತವನ್ನು ಓದುವ ಸಾಲೂ ವಿಫಲವಾಯಿತು, ಅದನ್ನೂ ನುಂಗಿದ್ದಾಯಿತು. ಮೊತ್ತವನ್ನು ಹಿಡಿದಿಟ್ಟುಕೊಳ್ಳುವ ಪಾತ್ರೆಯಲ್ಲಿ ಮಾತ್ರ ಹಿಂದಿನ ಸುತ್ತಿನಲ್ಲಿ ಓದಿದ ಅಂಧೇರಿಯ ಅಂಕಿ ಹಾಗೆಯೇ ಉಳಿದಿದೆ. ಮುಂದಿನ ಸಾಲು ಅದನ್ನು ಮುಲುಂಡದ ಹೆಸರಿನ ಎದುರು ಬರೆದುಬಿಡುತ್ತದೆ. ಅಂಧೇರಿಯಲ್ಲಿ 82,400 ರೂಪಾಯಿ ವ್ಯಾಪಾರವಾಗಿದ್ದರೆ ಮುಲುಂಡದಲ್ಲಿಯೂ 82,400. ಅಂಕಿಯು ನಂಬಲಾರದಷ್ಟು ದೊಡ್ಡದಲ್ಲ, ಸಂಶಯ ಬರುವಷ್ಟು ಚಿಕ್ಕದಲ್ಲ. ಐದು ಸಾಲುಗಳಲ್ಲಿ ಇದು ಕಣ್ಣಿಗೆ ಬಿದ್ದೀತು. ಐವತ್ತು ಸಾಲುಗಳಲ್ಲಿ ಯಾರ ಕಣ್ಣಿಗೂ ಬೀಳದು. ತಿಂಗಳು ಕಳೆದು ನಗದಿಗೂ ಲೆಕ್ಕಕ್ಕೂ ತಾಳೆ ಬೀಳದಾದಾಗ ಮುಲುಂಡದ ಗಲ್ಲೆಯಲ್ಲಿ ಕುಳಿತ, ಊರು ಬಿಟ್ಟು ಬಂದು ಹೊಟ್ಟೆ ಹೊರೆಯುತ್ತಿರುವ ಹುಡುಗನ ಮೇಲೆ ಎಲ್ಲರ ದೃಷ್ಟಿ ಹರಿಯುತ್ತದೆ. ನಿಂತುಹೋಗುವ ಮ್ಯಾಕ್ರೊಗಿಂತ ಸುಳ್ಳು ಹೇಳುವ ಮ್ಯಾಕ್ರೊ ಕೆಟ್ಟದು ಎಂದು ನಾವು ಹೇಳುವುದು ಇದಕ್ಕಾಗಿ.

ಮೌನವಾದ ಲೋಪವು ಎಂತಹ ದೊಡ್ಡ ಸಂಸ್ಥೆಗೂ ತಟ್ಟಬಹುದೆಂಬುದಕ್ಕೆ ಇಂಗ್ಲೆಂಡಿನ 2020ರ ಸಂಗತಿಯೇ ನಿದರ್ಶನ. ಕೊರೋನಾ ಸೋಂಕು ಹಬ್ಬಿದ್ದ ಆ ಕಾಲದಲ್ಲಿ ಪ್ರಯೋಗಶಾಲೆಗಳಿಂದ ಬರುತ್ತಿದ್ದ ಫೈಲುಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ತಾನಾಗಿ ಎಕ್ಸೆಲ್ಲಿಗೆ ಸೇರುವಂತೆ ಏರ್ಪಡಿಸಿತ್ತು. ಬಳಸಿದ್ದು ಹಳೆಯ ‘ಎಕ್ಸ್‌ಎಲ್‌ಎಸ್’ ಮಾದರಿ. ಅದರ ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಹೊಸ ಮಾದರಿಯಲ್ಲಾಗಿದ್ದರೆ 10,48,576 ಸಾಲುಗಳಿಗೆ ಸ್ಥಳವಿತ್ತು. ಮಿತಿ ಮೀರಿದ ಹೆಸರುಗಳು ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ವರೆಗಿನ 15,841 ಸೋಂಕಿತರು ದಿನದಿನದ ಲೆಕ್ಕದಲ್ಲಿ ಕಾಣಿಸಲಿಲ್ಲ. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅಷ್ಟರಮಟ್ಟಿಗೆ ತಡವಾಯಿತು.

ಇದೆಯೇ ಎಂದು ಮೊದಲು ಕೇಳುವುದು

ಪರಿಹಾರವು ಕಷ್ಟದ್ದೇನೂ ಅಲ್ಲ. ಫೈಲನ್ನು ತೆರೆಯುವುದಕ್ಕೆ ಮೊದಲು ಅದು ಇದೆಯೇ ಎಂದು ವಿಚಾರಿಸಬೇಕು. ಅದಕ್ಕೆ ವಿಬಿಎಯಲ್ಲಿ ‘ಡಿರ್’ ಎಂಬ ಸಾಧನವಿದೆ. ಫೈಲಿನ ಪೂರ್ಣ ವಿಳಾಸವನ್ನು ಅದಕ್ಕೆ ಕೊಟ್ಟರೆ, ಫೈಲು ಇದ್ದಲ್ಲಿ ಅದರ ಹೆಸರನ್ನು ಮರಳಿ ಹೇಳುತ್ತದೆ. ಇಲ್ಲದಿದ್ದರೆ ಬರಿದಾದ ಉತ್ತರವನ್ನು ಕೊಡುತ್ತದೆ. ಉತ್ತರವು ಬರಿದಾಗಿದ್ದರೆ ಆ ಶಾಖೆಯನ್ನು ಬಿಟ್ಟು, ಬಿಟ್ಟೆನೆಂದು ಬರೆದಿಟ್ಟು ಮುಂದಕ್ಕೆ ಹೋಗಬೇಕು. ಇಷ್ಟೇ.

ಇಷ್ಟೇ ಎಂದೆವಾದರೂ ಇದರಲ್ಲಿ ಕೆಲವು ಗುಂಡಿಗಳಿವೆ. ಫೈಲುಗಳ ಹೆಸರನ್ನು ಹಾಳೆಯ ಚೌಕಗಳಿಂದ ಓದಿಕೊಳ್ಳುವುದು ರೂಢಿ. ಒಂದು ಚೌಕವು ಖಾಲಿಯಿದ್ದರೆ, ಡಿರ್‌ಗೆ ಹೋಗುವ ವಿಳಾಸದಲ್ಲಿ ಫೋಲ್ಡರಿನ ಹೆಸರೂ ಕೊನೆಯ ಓರೆಗೆರೆಯೂ ಮಾತ್ರ ಇರುತ್ತವೆ. ಆಗ ಅದು ‘ಇಲ್ಲ’ ಎನ್ನುವುದಿಲ್ಲ; ಆ ಫೋಲ್ಡರಿನಲ್ಲಿ ಮೊದಲು ಸಿಕ್ಕಿದ ಯಾವುದೋ ಫೈಲಿನ ಹೆಸರನ್ನು ಒಪ್ಪಿಸುತ್ತದೆ! ಮ್ಯಾಕ್ರೊವು ಫೈಲು ಇದೆಯೆಂದೇ ಭಾವಿಸುತ್ತದೆ. ಆದುದರಿಂದ ಹೆಸರು ಖಾಲಿಯಲ್ಲವೆಂಬುದನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸತಕ್ಕದ್ದು. ಕಚೇರಿಯ ಸಾಮಾನ್ಯ ಡ್ರೈವಿನ ಸಂಪರ್ಕವೇ ಕಡಿದಿದ್ದರೆ ಡಿರ್ ಬರಿದಾದ ಉತ್ತರದ ಬದಲು 52ನೆಯ ದೋಷವನ್ನು ಎಸೆಯುವುದುಂಟು. ಒನ್‌ಡ್ರೈವಿನಲ್ಲಿರಿಸಿದ ಪುಸ್ತಕವು ತನ್ನ ಸ್ಥಳವನ್ನು ಅಂತರಜಾಲದ ವಿಳಾಸವಾಗಿ ಹೇಳಿಕೊಳ್ಳುವುದರಿಂದ, ಅದನ್ನೂ ಡಿರ್‌ಗೆ ಕೊಟ್ಟು ಪ್ರಯೋಜನವಿಲ್ಲ. ಫೈಲನ್ನು ಬಳಸುವವನೇ ಆರಿಸಲಿ ಎಂದು ಪೆಟ್ಟಿಗೆಯನ್ನು ತೋರಿಸಿದಾಗ, ಅವನು ‘ಕ್ಯಾನ್ಸಲ್’ ಒತ್ತಿದರೆ ಬರುವ ಉತ್ತರ ‘ಫಾಲ್ಸ್’. ಅದನ್ನು ಪರೀಕ್ಷಿಸದ ಮ್ಯಾಕ್ರೊ ‘ಫಾಲ್ಸ್’ ಎಂಬ ಹೆಸರಿನ ಫೈಲನ್ನೇ ಹುಡುಕಲು ಹೊರಡುತ್ತದೆ.

ಕಾಣೆಯಾದ ಫೈಲುಗಳಲ್ಲಿ ಬಹುಪಾಲು ನಿಜವಾಗಿ ಕಾಣೆಯಾದುವಲ್ಲ. ಮ್ಯಾಕ್ರೊ ಬರೆದವನು ತನ್ನ ಯಂತ್ರದ, ತನ್ನ ಹೆಸರಿನ ಫೋಲ್ಡರಿನ ವಿಳಾಸವನ್ನು ಸಾಲುಗಳೊಳಗೆ ನೇರವಾಗಿ ಕೆತ್ತಿರುತ್ತಾನೆ. ಯಂತ್ರ ಬದಲಾದ ದಿನ, ಇಲ್ಲವೇ ಅವನು ನೌಕರಿ ಬಿಟ್ಟ ದಿನ, ಆ ವಿಳಾಸವು ಸುಳ್ಳಾಗುತ್ತದೆ. ಮನೆ ಬದಲಿಸಿದವನ ಹಳೆಯ ಚಾಳಿಗೆ ಕಾಗದ ಹಾಕಿದಂತೆ! ‘ದಿಸ್ ವರ್ಕ್‌ಬುಕ್ ಪಾಥ್’ ಎಂಬುದನ್ನು ಬಳಸಿದರೆ, ಮ್ಯಾಕ್ರೊ ಇರುವ ಪುಸ್ತಕವು ಎಲ್ಲಿದೆಯೋ ಅಲ್ಲಿಂದಲೇ ಹುಡುಕಾಟವು ಆರಂಭವಾಗುತ್ತದೆ. ಇಲ್ಲವೇ ವಿಳಾಸವನ್ನು ಒಂದು ಹಾಳೆಯ ಚೌಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡಬಹುದು.

ಇದಕ್ಕಿಂತಲೂ ಸೂಕ್ಷ್ಮವಾದುದು ಇದ್ದೂ ಇಲ್ಲದ ಫೈಲು. ಪ್ರತಿದಿನವೂ ಒಂದೇ ಹೆಸರಿನಿಂದ ಬರುವ ಫೈಲಾಗಿದ್ದರೆ, ಇಂದಿನದು ಬಾರದ ದಿನ ನಿನ್ನೆಯದೇ ಅಲ್ಲಿ ಕುಳಿತಿರುತ್ತದೆ. ಡಿರ್ ‘ಇದೆ’ ಎನ್ನುತ್ತದೆ, ಅದರ ತಪ್ಪಲ್ಲ. ‘ಫೈಲ್ ಡೇಟ್ ಟೈಮ್’ ಎಂಬ ಸಾಧನದಿಂದ ಫೈಲು ಕೊನೆಯದಾಗಿ ಬದಲಾದ ದಿನಾಂಕವನ್ನು ನೋಡಿಕೊಳ್ಳಬೇಕು. ಫೈಲಿನೊಳಗೇ ಒಂದು ಚೌಕದಲ್ಲಿ ವ್ಯಾಪಾರದ ದಿನಾಂಕವನ್ನು ಬರೆಯಿಸಿ ಅದನ್ನು ಓದುವುದು ಇನ್ನೂ ಭದ್ರ.

ಒಂದು ಫೈಲು ಇಲ್ಲದಾಗ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕೇ, ಉಳಿದವನ್ನು ಮುಗಿಸಬೇಕೇ ಎಂಬ ಪ್ರಶ್ನೆಗೆ ಎಲ್ಲ ಕಚೇರಿಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ. ನಮಗೆ ಸರಿಯೆಂದು ತೋರುವ ಕ್ರಮವಿದು: ಒಂದೂ ಅಂಕಿಯನ್ನು ಬರೆಯುವುದಕ್ಕೆ ಮೊದಲು ಎಲ್ಲ ಫೈಲುಗಳನ್ನೂ ಒಮ್ಮೆ ವಿಚಾರಿಸಿ, ಇಲ್ಲದವುಗಳ ಪಟ್ಟಿಯನ್ನು ಒಟ್ಟಾಗಿ ತೋರಿಸುವುದು. ‘ಮುಲುಂಡ, ಠಾಣೆ ಬಂದಿಲ್ಲ, ಮುಂದುವರಿಸಲೇ?’ ಎಂದು ಒಂದೇ ಸಲ ಕೇಳಿದರೆ ಲೆಕ್ಕಿಗನು ಒಂದೇ ಸಲ ಇಬ್ಬರಿಗೂ ಫೋನು ಮಾಡಿಯಾನು. ಒಂದೊಂದಕ್ಕೂ ಒಂದೊಂದು ಪೆಟ್ಟಿಗೆ ಎದ್ದು ಬರತೊಡಗಿದರೆ ಮನುಷ್ಯನು ಮೂರನೆಯದರಿಂದ ಮುಂದಕ್ಕೆ ಓದದೆಯೇ ಒತ್ತುತ್ತ ಹೋಗುತ್ತಾನೆ. ರಾತ್ರಿ ಯಾರೂ ಇಲ್ಲದ ವೇಳೆಯಲ್ಲಿ ತಾನಾಗಿ ಓಡುವ ಮ್ಯಾಕ್ರೊವಾದರೆ ಪೆಟ್ಟಿಗೆಯೇ ಸಲ್ಲದು. ಉತ್ತರಕ್ಕಾಗಿ ಅದು ಬೆಳಗಿನ ವರೆಗೂ ಕಾಯುತ್ತ ಕುಳಿತಿರುತ್ತದೆ. ಅಂತಹ ಕಡೆ ‘ವರದಿ’ ಎಂಬ ಬೇರೆ ಹಾಳೆಯಲ್ಲಿ ಶಾಖೆ, ಫೈಲು, ವೇಳೆ, ಫಲಿತ ಎಂದು ಒಂದೊಂದು ಸಾಲು ಬರೆಯಿಸುವುದು ಯೋಗ್ಯ.

ಬಾರದ ಶಾಖೆಯ ಎದುರು ಸೊನ್ನೆಯನ್ನು ಬರೆಯುವ ಅಭ್ಯಾಸವನ್ನೂ ಹಲವೆಡೆ ಕಾಣುತ್ತೇವೆ. ಇದು ಸರ್ವಥಾ ಕೂಡದು. ಸೊನ್ನೆಯೆಂದರೆ ವ್ಯಾಪಾರವಾಗಿಲ್ಲ, ಖಾಲಿಯೆಂದರೆ ಗೊತ್ತಿಲ್ಲ. ಖಾಲಿ ಬಿಟ್ಟರೂ ಕೂಡಿಸುವ ಸೂತ್ರವು ಅದನ್ನು ಲೆಕ್ಕಿಸದೆ ಒಂದು ಮೊತ್ತವನ್ನು ಕೊಟ್ಟೇ ಕೊಡುತ್ತದಾದ್ದರಿಂದ, ಮೊತ್ತದ ಪಕ್ಕದಲ್ಲಿ ‘ಅಪೂರ್ಣ’ ಎಂಬ ಮಾತು ತಾನಾಗಿ ಮೂಡುವಂತೆಯೂ ಮಾಡಬೇಕು. ಧಣಿಗಳು ನೋಡುವುದು ಕೊನೆಯ ಸಾಲನ್ನು ಮಾತ್ರವಷ್ಟೆ.

ಫೈಲು ಇದೆಯೆಂದು ಖಚಿತವಾದ ಮೇಲೂ ತೆರೆಯಲಾಗದೆ ಹೋಗಬಹುದು. ಬೇರೊಬ್ಬರು ಅದನ್ನು ತೆರೆದಿಟ್ಟಿರಬಹುದು, ಗುಪ್ತಪದವಿರಬಹುದು, ಕೆಟ್ಟುಹೋಗಿರಬಹುದು. ಓದುವುದಷ್ಟೇ ಉದ್ದೇಶವಾಗಿದ್ದರೆ, ತೆರೆಯುವಾಗಲೇ ‘ಓದಲು ಮಾತ್ರ’ ಎಂದು ಹೇಳಿಬಿಡುವುದರಿಂದ ಎಷ್ಟೋ ತಕರಾರು ತಪ್ಪುತ್ತದೆ. ಉಳಿದವಕ್ಕೆ ‘ಆನ್ ಎರರ್ ಗೋಟು’ ಎಂಬ ಕ್ರಮವಿದೆ. ದೋಷವನ್ನು ನುಂಗುವ ಬದಲು ಅದನ್ನು ಒಂದು ಗೊತ್ತಾದ ಜಾಗಕ್ಕೆ ಕಳುಹಿಸಿ, ಅಲ್ಲಿ ದೋಷದ ಸಂಖ್ಯೆಯನ್ನೂ ವಿವರಣೆಯನ್ನೂ ವರದಿಯ ಹಾಳೆಗೆ ಇಳಿಸುವುದು ಇದರ ರೀತಿ. ಸಂಖ್ಯೆಗಳಿಗೆ ಅರ್ಥವುಂಟು: ಫೈಲು ಸಿಕ್ಕದಿದ್ದರೆ 53, ದಾರಿಯೇ ಸಿಕ್ಕದಿದ್ದರೆ 76, ಎಕ್ಸೆಲ್ಲಿಗೇ ಪುಸ್ತಕವನ್ನು ತೆರೆಯಲಾಗದಿದ್ದರೆ ಮೇಲೆ ಹೇಳಿದ 1004. ‘ರೆಸ್ಯೂಮ್ ನೆಕ್ಸ್ಟ್’ ಸಂಪೂರ್ಣ ತ್ಯಾಜ್ಯವೆಂದು ನಾವು ಹೇಳುವುದಿಲ್ಲ. ಅದನ್ನು ಒಂದೇ ಒಂದು ಸಾಲಿಗೆ ಬಳಸಿ, ಆ ಸಾಲಿಗೆ ಮೊದಲು ಹಳೆಯ ಬೆಲೆಯನ್ನು ಅಳಿಸಿ, ಆ ಸಾಲು ಮುಗಿದೊಡನೆ ದೋಷವಾಯಿತೇ ಎಂದು ನೋಡಿ, ಕೂಡಲೇ ‘ಆನ್ ಎರರ್ ಗೋಟು 0’ ಎಂದು ಬರೆದು ಮದ್ದನ್ನು ನಿಲ್ಲಿಸುವುದಾದರೆ ಅದರಿಂದ ಹಾನಿಯಿಲ್ಲ.

ಎಚ್ಚರಿಕೆಯ ಬಾಯಿ ಕಟ್ಟುವುದು

ಎಕ್ಸೆಲ್ ತಾನಾಗಿಯೇ ಕೇಳುವ ಪ್ರಶ್ನೆಗಳದು ಇನ್ನೊಂದು ಪ್ರಕರಣ. ಈ ಹೆಸರಿನ ಫೈಲು ಆಗಲೇ ಇದೆ, ಅದರ ಮೇಲೆಯೇ ಬರೆಯಲೇ? ಈ ಹಾಳೆಯನ್ನು ಶಾಶ್ವತವಾಗಿ ಅಳಿಸಲೇ? ಬೇರೆ ಫೈಲುಗಳಿಂದ ಬರುವ ಅಂಕಿಗಳನ್ನು ಹೊಸದಾಗಿ ತರಲೇ? ಇವು ಮ್ಯಾಕ್ರೊವಿನ ಓಟವನ್ನು ತಡೆಯುವುದರಿಂದ ‘ಡಿಸ್‌ಪ್ಲೇ ಅಲರ್ಟ್ಸ್’ ಎಂಬುದನ್ನು ‘ಫಾಲ್ಸ್’ ಮಾಡಿ ಎಲ್ಲವನ್ನೂ ಒಟ್ಟಿಗೆ ಬಾಯಿ ಮುಚ್ಚಿಸುವ ಪದ್ಧತಿಯಿದೆ.

ಪ್ರಶ್ನೆಯನ್ನು ಅಡಗಿಸಿದ ಮಾತ್ರಕ್ಕೆ ಉತ್ತರವು ಇಲ್ಲವಾಗುವುದಿಲ್ಲ. ಬಳಸುವವನ ಪರವಾಗಿ ಎಕ್ಸೆಲ್ಲೇ ಉತ್ತರಿಸಿಬಿಡುತ್ತದೆ. ಸಾಧಾರಣವಾಗಿ ಪೆಟ್ಟಿಗೆಯಲ್ಲಿ ಯಾವ ಗುಂಡಿಯು ಮೊದಲೇ ಆಯ್ಕೆಯಾಗಿರುತ್ತದೆಯೋ ಅದೇ ಉತ್ತರ. ಆದರೆ ಹಳೆಯ ಫೈಲಿನ ಮೇಲೆ ಹೊಸದನ್ನು ಬರೆಯುವ ಸಂದರ್ಭದಲ್ಲಿ ಹಾಗಲ್ಲ. ಮನುಷ್ಯನಿಗೆ ತೋರಿಸುವ ಪೆಟ್ಟಿಗೆಯಲ್ಲಿ ಆಯ್ಕೆಯಾಗಿರುವುದು ‘ಬೇಡ’ ಎಂಬ ಗುಂಡಿ. ಬಾಯಿ ಕಟ್ಟಿದಾಗ ಎಕ್ಸೆಲ್ ಆರಿಸುವುದು ‘ಆಗಲಿ’ ಎಂಬುದನ್ನು. ಹಳೆಯ ಫೈಲು ಒಂದು ಮಾತಿಲ್ಲದೆ ಅಳಿದುಹೋಗುತ್ತದೆ. ಮೇಲಾಗಿ, ಮ್ಯಾಕ್ರೊವು ಹಾಳೆಯನ್ನು ಬದಲಿಸಿದ ಮೇಲೆ ‘ಅನ್‌ಡೂ’ ಒತ್ತಿ ಹಿಂದಿನ ಸ್ಥಿತಿಗೆ ಮರಳುವುದೂ ಸಾಮಾನ್ಯವಾಗಿ ಸಾಧ್ಯವಿಲ್ಲ. ವರ್ಷದ ಲೆಕ್ಕದ ಮೇಲೆ ಖಾಲಿ ನಮೂನೆಯನ್ನು ಬರೆದುಕೊಂಡವರ ಸಂಕಟವು ಈ ಒಂದು ಸಾಲಿನಿಂದ ಹುಟ್ಟುತ್ತದೆ.

ಆದುದರಿಂದ ಬಾಯಿ ಕಟ್ಟಲೇಬೇಕಾದಲ್ಲಿ, ಹಾಳೆಯನ್ನು ಅಳಿಸುವ ಸಾಲಿಗೆ ಮುಂಚೆ ಕಟ್ಟಿ, ಅದರ ಮರುಸಾಲಿನಲ್ಲಿಯೇ ಬಿಚ್ಚಬೇಕು. ಫೈಲನ್ನು ಉಳಿಸುವುದಕ್ಕೆ ಮೊದಲು ಡಿರ್‌ನಿಂದ ವಿಚಾರಿಸಿ, ಅದೇ ಹೆಸರಿನದು ಇದ್ದರೆ ಹೊಸದಕ್ಕೆ ದಿನಾಂಕವನ್ನೂ ವೇಳೆಯನ್ನೂ ಸೇರಿಸಿ ಬೇರೆ ಹೆಸರಿಡಬಹುದು. ಎಷ್ಟೋ ಪ್ರಶ್ನೆಗಳಿಗೆ ಬಾಯಿ ಕಟ್ಟುವ ಅಗತ್ಯವೇ ಇಲ್ಲ. ಆಜ್ಞೆಯೊಳಗೇ ಉತ್ತರವನ್ನು ಹೇಳಿಬಿಡಬಹುದು. ಮುಚ್ಚುವಾಗ ‘ಸೇವ್ ಚೇಂಜಸ್’ ಫಾಲ್ಸ್ ಎಂದರೆ ಉಳಿಸಲೇ ಎಂಬ ಪ್ರಶ್ನೆ ಬರುವುದಿಲ್ಲ. ತೆರೆಯುವಾಗ ‘ಅಪ್‌ಡೇಟ್ ಲಿಂಕ್ಸ್’ 0 ಎಂದರೆ ಹೊರಗಿನ ಅಂಕಿಗಳನ್ನು ತರಲೇ ಎಂದು ಕೇಳುವುದಿಲ್ಲ. ಆದರೆ ಆಗ ಚೌಕಗಳಲ್ಲಿ ಕಾಣುವುದು ಹಿಂದೆ ಉಳಿಸಿಟ್ಟ ಹಳೆಯ ಅಂಕಿಗಳೆಂಬ ನೆನಪಿರಬೇಕು.

ಮ್ಯಾಕ್ರೊ ಮುಗಿದಾಗ ಡಿಸ್‌ಪ್ಲೇ ಅಲರ್ಟ್ಸನ್ನು ಎಕ್ಸೆಲ್ ತಾನೇ ಮರಳಿ ಸರಿಪಡಿಸುತ್ತದೆ. ‘ಎನೇಬಲ್ ಈವೆಂಟ್ಸ್’ ಮತ್ತು ‘ಕ್ಯಾಲ್ಕ್ಯುಲೇಷನ್’ ಎಂಬವುಗಳಿಗೆ ಈ ಸೌಭಾಗ್ಯವಿಲ್ಲ. ವೇಗಕ್ಕಾಗಿ ಲೆಕ್ಕಾಚಾರವನ್ನು ಕೈಯಾರೆ ನಡೆಯುವಂತೆ ಮಾಡಿ, ನಡುವೆ ದೋಷ ಬಂದು ನಿಂತರೆ, ಅನಂತರ ಯಾವ ಅಂಕಿಯನ್ನು ತಿದ್ದಿದರೂ ಮೊತ್ತವು ಅಲುಗುವುದಿಲ್ಲ. ದೋಷ ಬಂದರೂ ಬಾರದಿದ್ದರೂ ಮ್ಯಾಕ್ರೊವು ಒಂದೇ ಬಾಗಿಲಿನಿಂದ ಹೊರಬೀಳುವಂತೆ ಬರೆದು, ಇವೆಲ್ಲವನ್ನು ಆ ಬಾಗಿಲಲ್ಲಿ ಸರಿಪಡಿಸಬೇಕು.

ಒಂದು ಎಚ್ಚರಿಕೆಯ ಬಾಯಿಯನ್ನು ಮಾತ್ರ ಎಂದಿಗೂ ಕಟ್ಟಬಾರದು. 1999ರ ಮಾರ್ಚಿಯಲ್ಲಿ ‘ಮೆಲಿಸ್ಸಾ’ ಎಂಬ ಪಿಡುಗು ವರ್ಡ್ ಫೈಲಿನ ಮ್ಯಾಕ್ರೊವಾಗಿ ಬಂದು, ತೆರೆದವರ ವಿಳಾಸ ಪುಸ್ತಕದ ಮೊದಲ 50 ಮಂದಿಗೆ ತನ್ನನ್ನು ತಾನೇ ಅಂಚೆ ಮಾಡಿಕೊಂಡು ಹಬ್ಬಿತು. 2022ರಿಂದ ಮೈಕ್ರೋಸಾಫ್ಟ್ ಸಂಸ್ಥೆಯು ಅಂತರಜಾಲದಿಂದ ಬಂದ ಫೈಲುಗಳ ಮ್ಯಾಕ್ರೊಗಳನ್ನು ತಾನಾಗಿ ತಡೆಯತೊಡಗಿದೆ. ಕೆಂಪು ಪಟ್ಟಿಯೊಂದು ಮೇಲೆ ಕಾಣಿಸುತ್ತದೆ. ಅದರ ಕಾಟ ತಾಳಲಾರದೆ ‘ಎಲ್ಲ ಮ್ಯಾಕ್ರೊಗಳಿಗೂ ಅನುಮತಿ’ ಎಂಬ ಆಯ್ಕೆಯನ್ನು ಒತ್ತುವುದು, ಬೆಕ್ಕು ಬರುತ್ತದೆಂದು ಬಾಗಿಲಿಗೆ ಬದಲು ಗೋಡೆಯನ್ನೇ ಕೆಡವಿದಂತೆ. ಕಚೇರಿಯ ಸ್ವಂತ ಮ್ಯಾಕ್ರೊಗಳಿಗೆ ‘ನಂಬಿಕೆಯ ಸ್ಥಳ’ ಎಂದು ಒಂದು ಫೋಲ್ಡರನ್ನು ಗೊತ್ತುಮಾಡಿಕೊಂಡರೆ ಸಾಕು.

ಕನ್ನಡದ ಹೆಸರುಳ್ಳ ಫೈಲುಗಳು

ಕನ್ನಡಿಗರಾದ ನಮಗೇ ವಿಶೇಷವಾಗಿ ಬರುವ ತೊಡಕೊಂದಿದೆ. ಎಕ್ಸೆಲ್ ಹಾಳೆಯಲ್ಲಿ ಕನ್ನಡವು ಚೆನ್ನಾಗಿಯೇ ಮೂಡುತ್ತದೆ. ವಿಂಡೋಸಿನಲ್ಲಿ ಫೈಲಿಗೆ ‘ಮಾಟುಂಗಾ’ ಎಂದು ಕನ್ನಡದಲ್ಲಿಯೇ ಹೆಸರಿಡಲೂ ಅಡ್ಡಿಯಿಲ್ಲ. ಆದರೆ ವಿಬಿಎಯ ಹಳೆಯ ಸಾಧನಗಳು ಯೂನಿಕೋಡಿಗೆ ಮುಂಚಿನ ಕ್ರಮದವು. ಸಾಧಾರಣವಾಗಿ ಅವುಗಳ ಕೈಗೆ ಬಂದ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗುತ್ತವೆ. ಡಿರ್‌ನ ಭಾಷೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಗೆ ಬೇರೆಯೇ ಅರ್ಥವುಂಟು: ಆ ಸ್ಥಾನದಲ್ಲಿ ಯಾವ ಅಕ್ಷರವಿದ್ದರೂ ಆದೀತು ಎಂದು. ಹೀಗಾಗಿ ಕನ್ನಡದ ಹೆಸರನ್ನು ಕೊಟ್ಟು ‘ಇದೆಯೇ’ ಎಂದು ಕೇಳಿದರೆ, ಅಷ್ಟೇ ಅಕ್ಷರಗಳುಳ್ಳ ಬೇರೆ ಯಾವುದೋ ಫೈಲನ್ನು ಕಂಡು ‘ಇದೆ’ ಎಂದು ಉತ್ತರ ಬರುವ ಸಂಭವವಿದೆ.

ಇದಕ್ಕೆ ‘ಫೈಲ್ ಸಿಸ್ಟಮ್ ಆಬ್ಜೆಕ್ಟ್’ ಎಂಬುದರ ‘ಫೈಲ್ ಎಕ್ಸಿಸ್ಟ್ಸ್’ ಸಾಧನವನ್ನು ಬಳಸಬೇಕು. ಅದಕ್ಕೆ ಕನ್ನಡ ತಿಳಿಯುತ್ತದೆ. ಹೆಸರನ್ನು ಮ್ಯಾಕ್ರೊವಿನ ಸಾಲಿನೊಳಗೆ ಬರೆಯದೆ ಹಾಳೆಯ ಚೌಕದಲ್ಲಿ ಬರೆದಿಟ್ಟು ಅಲ್ಲಿಂದ ಓದಿಸಬೇಕು, ಏಕೆಂದರೆ ಮ್ಯಾಕ್ರೊ ಬರೆಯುವ ಕಿಟಕಿಯಲ್ಲಿಯೂ ಕನ್ನಡವು ಪ್ರಶ್ನಾರ್ಥಕ ಚಿಹ್ನೆಗಳಾಗಿಯೇ ಕಾಣುತ್ತದೆ. ‘ಎಂಎಸ್‌ಜಿ ಬಾಕ್ಸ್’ ಎಂಬ ಸಂದೇಶದ ಪೆಟ್ಟಿಗೆಯ ಪಾಡೂ ಅದೇ. ಗಲ್ಲೆಯ ಹುಡುಗನಿಗೆ ಕನ್ನಡದಲ್ಲಿ ‘ಮುಲುಂಡದ ಫೈಲು ಬಂದಿಲ್ಲ’ ಎಂದು ತಿಳಿಸಬೇಕಾಗಿದ್ದರೆ, ಆ ವಾಕ್ಯವನ್ನು ಒಂದು ಚೌಕದಲ್ಲಿ ಮೊದಲೇ ಬರೆದಿಟ್ಟು, ಬೇಕಾದಾಗ ವರದಿಯ ಹಾಳೆಯ ಮೇಲ್ಗಡೆ ದಪ್ಪಕ್ಷರದಲ್ಲಿ ನಕಲು ಮಾಡಿಸಿ, ಆ ಹಾಳೆಯೇ ಮೊದಲು ಎದುರಿಗೆ ಬರುವಂತೆ ಮಾಡುವುದು ಸುಲಭ. ಶಾಖೆಗಳಿಗೆ ಫೈಲಿನ ಹೆಸರನ್ನು ಗೊತ್ತುಪಡಿಸಿ ಕಳುಹಿಸುವ ಸುತ್ತೋಲೆಯಲ್ಲಿ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಅಂಕಿಗಳಿಂದಲೇ ಬರೆಯುವಂತೆ ಸೂಚಿಸಿದರೆ, ಫೈಲುಗಳು ಫೋಲ್ಡರಿನಲ್ಲಿ ತಾವಾಗಿ ಸಾಲಾಗಿ ನಿಲ್ಲುತ್ತವೆ. ಬಾರದ ದಿನದ ತೆರವು ಬರಿಗಣ್ಣಿಗೂ ಕಾಣಿಸುತ್ತದೆ.